ಹದಿನಾಲ್ಕನೆಯ ಕುರ್ಚಿ

ಥಾರ್ನ್‌ಸ್ವಿಕ್ ಬಂಗಲೆಯಲ್ಲೇ ಇದ್ದು ಮನೆಪಾಠ ಹೇಳುವ ಗವರ್ನೆಸ್ ಮಿಸ್ ವೇಕ್ಲಿಂಗ್ ಮೂರು ವರ್ಷದಲ್ಲಿ ನುಂಗಿಕೊಂಡ ಮಾತುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಯಾರ್ಕ್‌ಶೈರಿನ ಬೆಟ್ಟಗಳೆಲ್ಲ ಅದರ ನೆರಳಲ್ಲಿ ತೂಕಡಿಸುತ್ತಿದ್ದವು. ಆಳುಗಳ ಕಣ್ಣಿಗೆ ಅವಳು ದೊಡ್ಡವರ ಪೈಕಿ, ದೊಡ್ಡವರ ಕಣ್ಣಿಗೆ ಆಳುಗಳ ಪೈಕಿ. ಅವಳ ಊಟದ ತಟ್ಟೆಯನ್ನು ಮೇಲಕ್ಕೆ ಯಾರು ಹೊರಬೇಕೆಂದು ಅಡುಗೆಮನೆಯಲ್ಲಿ ಜಗಳ ಮುಗಿಯುವಷ್ಟರಲ್ಲಿ ಸೂಪು ಹೆಪ್ಪುಗಟ್ಟಿ, ಅದರ ಮೇಲೆ ಇಲಿಗಳು ಜಾರಾಟವಾಡಿ ದಣಿದು ಹೋಗಿರುತ್ತಿದ್ದವು.

ಆದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಕಾರಣ ಒಂದೇ: ನಡತೆ ಪತ್ರ. ಹೊಸ ವರ್ಷಕ್ಕೆ ಸ್ಕಾರ್ಬರೋದಲ್ಲಿ ಅವಳಿಗೊಂದು ಕೆಲಸ ಕಾದಿತ್ತು. ಆದರೆ ಈ ಮನೆಯೊಡತಿ ಮಿಸೆಸ್ ಗಾರ್‌ಸ್ಟಾಂಗ್ ‘ಇವಳು ಒಳ್ಳೆಯವಳು’ ಎಂದು ಬರೆದುಕೊಡಬೇಕು. ಪತ್ರವಿಲ್ಲದ ಗವರ್ನೆಸನ್ನು ಇಂಗ್ಲೆಂಡಿನಲ್ಲಿ ಕೋಳಿಗೂಡಿಗೂ ಸೇರಿಸುವುದಿಲ್ಲ. ಸತ್ತುಹೋದ ಪಾದ್ರಿಯ ಮಗಳು ಅವಳು. ಹಿಂದೆ ತವರಿಲ್ಲ, ಮುಂದೆ ದಾರಿಯಿಲ್ಲ. "ಕ್ರಿಸ್‌ಮಸ್ ಊಟ ಮುಗೀಲಿ, ಬರ್ಕೊಡ್ತೀನಿ" ಎಂದಿದ್ದಳು ಒಡತಿ.

ಕ್ರಿಸ್‌ಮಸ್ ದಿನ ನಾಲ್ಕು ಗಂಟೆಗೆ ಬಟ್ಲರ್ ಹಾಬ್ಡೇ ಏದುಸಿರು ಬಿಡುತ್ತ ಅವಳ ಕೋಣೆಗೆ ಬಂದ.

"ಮೇಡಮ್ಮೋರೇ, ಒಳ್ಳೇ ಬಟ್ಟೆ ಹಾಕ್ಕೊಂಡು ಇಳೀರಿ. ಇವತ್ತು ನೀವೂ ಮನುಷ್ಯರಾಗಿದೀರಿ."

"ಏನಾಯ್ತಪ್ಪಾ?"

"ಡಾಕ್ಟರು ಮಂಜಲ್ಲಿ ಜಾರಿ ಕಾಲು ಮುರ್ಕೊಂಡ್ರು. ಮೇಜಿಗೆ ಹದಿಮೂರೇ ಜನ ಆಗೋದ್ರು. ಹದಿಮೂರು ಜನ ಕೂತ್ರೆ ಮೊದಲು ಎದ್ದೋರು ವರ್ಷದೊಳಗೆ ಮಣ್ಣಿಗೆ, ಗೊತ್ತಲ್ಲ? ಅಮ್ಮಾವ್ರು ಸುಣ್ಣ ಬಳಿದಂಗೆ ಆಗೋಗಿದಾರೆ."

"ನೀನೇ ಕೂತ್ಕೋಬಹುದಿತ್ತಲ್ಲ?"

"ಅಯ್ಯಯ್ಯೋ! ಅಮ್ಮಾವ್ರು ಬೇಕಾದ್ರೆ ಸಾಯ್ತಾರೆ, ಬಟ್ಲರ್ ಜೊತೆ ಉಣ್ಣಲ್ಲ. ನೀವಾದ್ರೆ ಅರ್ಧ ದೊಡ್ಡೋರು. ನಡೀತದೆ."

ಹದಿನಾಲ್ಕನೆಯ ಕುರ್ಚಿ ಒಡತಿಯ ತಮ್ಮ ಕ್ಯಾಪ್ಟನ್ ಬ್ರ್ಯಾಕ್ಲಿಯ ಪಕ್ಕದಲ್ಲಿತ್ತು. ಅವನ ಮೀಸೆಯ ಒಂದೊಂದು ತುದಿಗೆ ಒಂದೊಂದು ಕುದುರೆ ಕಟ್ಟಬಹುದಿತ್ತು. ಆ ದಿನ ಬೆಳಿಗ್ಗೆಯಷ್ಟೇ ಜೀನು ಸಡಿಲವಾಯಿತೆಂದು ಕುದುರೆಯಾಳಿನ ಬೆನ್ನನ್ನು ಚಾಟಿಯಲ್ಲಿ ಉತ್ತಿದ್ದ. ಬಿತ್ತನೆ ಮಾಡಿದ್ದರೆ ಓಟ್ಸ್ ಬೆಳೆಯುತ್ತಿತ್ತು. ಅಡ್ಡ ಬಂದ ಬೇಟೆನಾಯಿಯನ್ನು ಗೋಡೆಗೆ ಬಡಿದು ಕೊಂದಿದ್ದ. ಅಂಥವನ ಪಕ್ಕದಲ್ಲಿ ಮಿಸ್ ವೇಕ್ಲಿಂಗ್ ಉಸಿರನ್ನೂ ಅಳೆದು ಬಿಡುತ್ತ ಕುಳಿತಳು.

"ಏನ್ ಮೇಡಂ, ಫೋರ್ಕ್ ಹಿಡಿಯೋದು ಮರೆತೋಗಿಲ್ವಾ?" ಎಂದ ಕ್ಯಾಪ್ಟನ್. ಮೇಜಿನ ಕಡೆಯವರೆಗೂ ನಗು ಹರಿಯಿತು.

"ಇಲ್ಲ ಸರ್."

ಮೇಜಿನ ಕೆಳಗೆ ಅವನು ತನ್ನ ಫೋರ್ಕನ್ನು ಅವಳ ತೊಡೆಗೆ ಒತ್ತಿದ. ಲಂಗದ ಆರು ಪದರ ದಾಟಿ ಮೊನೆ ಚರ್ಮಕ್ಕಿಳಿಯಿತು. ‘ಪತ್ರ, ಪತ್ರ’ ಎಂದು ಮನಸ್ಸಿನಲ್ಲೇ ಜಪಿಸುತ್ತ ಅವಳು ಬಾತುಕೋಳಿಯ ತುಂಡನ್ನು ಅಗಿದಳು. ಇನ್ನೊಮ್ಮೆ ಒತ್ತಿದ. ಇನ್ನೊಂದು ತುಂಡು ಅಗಿದಳು. ಪುಡಿಂಗ್ ಬರುವಷ್ಟರಲ್ಲಿ ಅವಳ ಬೂಟಿನೊಳಗೆ ರಕ್ತ ಪಚಪಚ ಎನ್ನುತ್ತಿತ್ತು. ಮುಖದಲ್ಲಿ ಮಾತ್ರ ಚರ್ಚಿನ ಶಾಂತಿ.

ಊಟದ ಕೊನೆಗೆ ದಾದಿ ಒಡತಿಯ ಏಳು ವರ್ಷದ ಮಗಳು ಲೆಟ್ಟಿಯನ್ನು ಕೈಹಿಡಿದು ತಂದಳು. ಮಿಸ್ ವೇಕ್ಲಿಂಗಳ ಶಿಷ್ಯೆ. ಬೆದರಿದ ಗುಬ್ಬಚ್ಚಿಯಂಥ ಹುಡುಗಿ. ದೀಪಗಳನ್ನು ಆರಿಸಿ, ದೊಡ್ಡ ಬೋಗುಣಿಯಲ್ಲಿ ಬ್ರಾಂದಿ ಸುರಿದು, ಒಣದ್ರಾಕ್ಷಿ ಚೆಲ್ಲಿ, ಬೆಂಕಿ ಹಚ್ಚಿದರು. ನೀಲಿ ಜ್ವಾಲೆಯೊಳಗಿಂದ ದ್ರಾಕ್ಷಿಯನ್ನು ಚಕ್ಕನೆ ಎತ್ತಿ ಬಾಯಿಗೆ ಹಾಕಿಕೊಳ್ಳುವ ಹಬ್ಬದಾಟ.

"ಬಾರೇ, ತೆಗಿ ನೋಡೋಣ!" ಎಂದ ಕ್ಯಾಪ್ಟನ್.

"ಬೇಡ ಮಾವ, ಸುಡುತ್ತೆ."

"ಬ್ರ್ಯಾಕ್ಲಿ ರಕ್ತ ಅಳುತ್ತಾ? ಬಾ ಇಲ್ಲಿ!"

ಮಗುವಿನ ಮಣಿಕಟ್ಟು ಹಿಡಿದು ಕೈಯನ್ನು ಜ್ವಾಲೆಯೊಳಗೆ ಒತ್ತಿ ಹಿಡಿದ. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದ. ಲೆಟ್ಟಿಯ ಕಿರುಚಾಟಕ್ಕೆ ಗೋಡೆಯ ಮೇಲಿನ ಅಜ್ಜಂದಿರ ಚಿತ್ರಗಳು ಕಿವಿ ಮುಚ್ಚಿಕೊಂಡವು. ತಾಯಿ ಬೀಸಣಿಗೆ ಬೀಸಿಕೊಂಡಳು. ತಂದೆ ಬೀಜ ಒಡೆಯುತ್ತಿದ್ದ.

ನಾಲ್ಕು ಎನ್ನಲು ಕ್ಯಾಪ್ಟನ್‌ಗೆ ಬಾಯಿ ಉಳಿಯಲಿಲ್ಲ.

ಮಿಸ್ ವೇಕ್ಲಿಂಗ್ ಕುಳಿತಲ್ಲಿಂದಲೇ ಬೋಗುಣಿಯ ಪಕ್ಕದ ಬೆಳ್ಳಿಯ ಸೌಟು ಎತ್ತಿ ಬೀಸಿದಳು. ಎರಡು ಸೇರಿನ ಸೌಟು. ಹಿಂದೆ ಮೂರು ವರ್ಷದ ಮೌನದ ಭಾರ. ಆ ಸದ್ದಿಗೆ ಎರಡು ಮೈಲಿ ಆಚೆಯ ಚರ್ಚಿನ ಗಂಟೆ ‘ಯಾರದು?’ ಎಂದು ಕೇಳಿತು. ಕ್ಯಾಪ್ಟನ್‌ನ ಮುಂದಿನ ನಾಲ್ಕು ಹಲ್ಲುಗಳು ಹಾರಿ, ಮೂರು ವೈನಿನ ಲೋಟಗಳಿಗೆ ಬಿದ್ದವು; ನಾಲ್ಕನೆಯದು ಇಂದಿಗೂ ಸಿಕ್ಕಿಲ್ಲ. ಅವನು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಸೇರಿದ. ದಾದಿ ಮಗುವನ್ನು ಎತ್ತಿಕೊಂಡು ಓಡಿದಳು.

"ಕೊಲೆಗಾತಿ! ಎಳೆದು ಹೊರಗೆ ಹಾಕ್ರೋ ಇವಳನ್ನ!" ಎಂದು ಒಡತಿ ಏಳಲು ಹೊರಟವಳು ಹಾಗೇ ನಿಂತಳು, ಅಂದರೆ ಅರ್ಧ ಕುಳಿತಳು. ಅವಳ ಕಣ್ಣು ಮೇಜಿನ ಸುತ್ತ ಓಡಿತು. "ಅಯ್ಯೋ ದೇವರೇ... ಹದಿಮೂರು! ಯಾರೂ ಏಳಬೇಡಿ!"

ಎಲ್ಲರೂ ಕುರ್ಚಿಗೆ ಅಂಟಿದರು. ಮುದಿ ಪಾದ್ರಿ ಟಿಡ್‌ಮಾರ್ಶ್ ತೀರ್ಪು ಕೊಟ್ಟ: "ಮೇಜಿನ ಕೆಳಗಿರೋನು ಮೇಜಿನವನಲ್ಲ. ಈಗ ಇರೋದು ಹದಿಮೂರೇ."

"ಹಾಬ್ಡೇ, ಎಳಿ ಅವಳನ್ನ!"

"ಎತ್ತಿದೋನಿಗೂ ಸಾವು ಅಂಟ್ತದೆ ಅಂತ ನಮ್ಮವ್ವ ಹೇಳ್ತಿದ್ಲು, ಅಮ್ಮಾವ್ರೇ" ಎಂದು ಹಾಬ್ಡೇ ಗೋಡೆಗೆ ಒತ್ತಿ ನಿಂತ. ಅವನ ಮುಖದಲ್ಲಿ ನಲವತ್ತು ವರ್ಷದಿಂದ ಕಾಣದ ಹಬ್ಬವಿತ್ತು. "ನಾನು ಕುರ್ಚೀಲಿ ಕೂರ್ಲಾ? ಹದಿನಾಲ್ಕಾಗ್ತದೆ."

"ಬಾಯ್ ಮುಚ್ಚು!"

"ಯಾರಾದ್ರೂ ಬೇಗ ಎದ್ದು ಸಾಯ್ರಪ್ಪಾ" ಎಂದು ಯಜಮಾನ ಗಾರ್‌ಸ್ಟಾಂಗ್ ಕಾಲು ಹೆಣೆದುಕೊಂಡು ನರಳಿದ. "ನಂಗೆ ಹಿತ್ತಲಿಗೆ ಹೋಗ್ಬೇಕು."

ಆಗ ಮಿಸ್ ವೇಕ್ಲಿಂಗ್ ಸೌಟನ್ನು ಮಡಿಲಲ್ಲಿಟ್ಟುಕೊಂಡು, ಪಾಠ ಹೇಳುವ ದನಿಯಲ್ಲೇ ಹೇಳಿದಳು: "ಮೊದಲು ನಾನು ಏಳ್ತೀನಿ ಮೇಡಂ. ಸಾವು ನನಗಿರಲಿ. ನೀವು ನನ್ನ ನಡತೆ ಪತ್ರ ಬರ್ಕೊಡಿ. ಇಲ್ಲೇ, ಈಗಲೇ."

"ನಿಂಗಾ? ನನ್ನ ತಮ್ಮನ ಹಲ್ಲು ಉದುರಿಸಿದವಳಿಗಾ?"

"ಬೇಡ್ವಾ? ಸರಿ. ನನಗೇನು ಅವಸರ ಇಲ್ಲ. ಇನ್ನೊಂಚೂರು ಪುಡಿಂಗ್ ಕೊಡು ಹಾಬ್ಡೇ."

ಯಜಮಾನ ಅಳುವುದೊಂದು ಬಾಕಿ. "ಬರೆದು ಹಾಕೇ ಮಾರಾಯ್ತಿ!"

ದೀಪ, ಕಾಗದ, ಮಸಿ ಬಂದವು. ಒಡತಿ ಹಲ್ಲು ಕಡಿಯುತ್ತ ಬರೆದಳು. ಮಿಸ್ ವೇಕ್ಲಿಂಗ್ ಹೇಳಿ ಬರೆಸಿದಳು: ಪ್ರಾಮಾಣಿಕಳು, ಸಮಯ ಪಾಲಿಸುವವಳು, ಫ್ರೆಂಚ್ ಬಲ್ಲವಳು, ಶಾಂತ ಸ್ವಭಾವದವಳು.

"ಶಾಂತ?!"

"ಶಾಂತ. ಕೆಳಗೆ ಗೆರೆ ಎಳೀರಿ."

ರುಜು ಹಾಕುವುದೊಂದು ಉಳಿದಿತ್ತು. ಅಷ್ಟರಲ್ಲಿ ಮೇಜುಬಟ್ಟೆ ಅಲುಗಿತು. ಕ್ಯಾಪ್ಟನ್ ರಕ್ತ ಉಗುಳುತ್ತ ತೆವಳಿ ಬಂದು ಕುರ್ಚಿಗೆ ಹತ್ತಿದ. ಅವನ ಕೈಯಲ್ಲಿ ಮಾಂಸ ಕೊಯ್ಯುವ ಚೂರಿ.

"ಹದಿನಾಲ್ಕು!" ಎಂದು ಒಡತಿ ಕೂತಲ್ಲೇ ಕುಣಿದಳು. ಪತ್ರವನ್ನು ಉರಿಯುವ ಬ್ರಾಂದಿಯತ್ತ ಒಯ್ದಳು. "ಪಾರಾದ್ವಿ! ಕಡಿಯೋ ಅವಳನ್ನ!"

ಚೂರಿ ಇಳಿಯಿತು. ಮಿಸ್ ವೇಕ್ಲಿಂಗ್ ವಾಲಿದಳು. ಅಲಗು ಅವಳ ಭುಜವನ್ನು ಮೂಳೆಯವರೆಗೆ ಸೀಳಿ ಕುರ್ಚಿಗೆ ನಾಟಿತು. ಅದನ್ನು ಕೀಳಲು ಅವನು ಬಗ್ಗಿದ್ದೇ ತಪ್ಪಾಯಿತು. ಸೌಟು ಈ ಸಲ ಮೇಲಿಂದ ಬಂತು. ಮೀಸೆಯ ಎರಡು ತುದಿಗಳೂ ನೆಟ್ಟಗೆ ನಿಂತು, ಹಾಗೇ ಮಡಿಸಿಕೊಂಡವು. ಅವನು ಮತ್ತೆ ಮೇಜಿನ ಕೆಳಗೆ ಹೋದ.

"ಹದಿಮೂರು" ಎಂದ ಪಾದ್ರಿ.

ಪತ್ರ ಜ್ವಾಲೆಯಿಂದ ಎರಡು ಅಂಗುಲದಲ್ಲಿ ನಿಂತಿತ್ತು. ಮೇಜಿನ ಕೆಳಗಿಂದ ಮತ್ತೆ ಮೇಲೆ ಎದ್ದ ಅದೇ ತಲೆಗೆ ಮಿಸ್ ವೇಕ್ಲಿಂಗ್ ತಿರುಗಿಯೂ ನೋಡದೆ ಮೂರನೆಯದನ್ನು ಕೊಟ್ಟಳು. "ರುಜು ಮೇಡಂ" ಎಂದಳು. "ನನ್ನ ಕೈ ಸೋಲೋಕೆ ಮುಂಚೆ ನಿಮ್ಮ ತಮ್ಮ ಸಾಯ್ತಾನೆ."

ಒಡತಿ ರುಜು ಹಾಕಿದಳು.

ಮಿಸ್ ವೇಕ್ಲಿಂಗ್ ಪತ್ರವನ್ನು ಎದೆಯೊಳಗೆ ಸೇರಿಸಿ ಎದ್ದು ನಿಂತಳು. ಅವಳ ಹಿಂದೆಯೇ ಹನ್ನೆರಡು ಕುರ್ಚಿಗಳು ಗುಡುಗಿದವು. ಯಜಮಾನ ಹಿತ್ತಲ ಬಾಗಿಲು ತೆರೆಯುವಷ್ಟೂ ಪುರುಸೊತ್ತಿಲ್ಲದೆ ಅದನ್ನೇ ಕಿತ್ತುಕೊಂಡು ಓಡಿದ.

ಮೆಟ್ಟಿಲ ಮೇಲೆ ಲೆಟ್ಟಿ ಕೂತಿದ್ದಳು. ಕೈಗೆ ಬೆಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರು.

"ಮಿಸ್, ಮಾವ ಸತ್ನಾ?"

"ಇಲ್ಲ ಪುಟ್ಟಿ."

"ನಾಳೆ ಎದ್ದೇಳ್ತಾನಾ?"

"ಏಳ್ತಾನೆ."

"ನೀವು ಹೋಗ್ತೀರಾ?"

ಮಿಸ್ ವೇಕ್ಲಿಂಗ್ ಆ ಬಟ್ಟೆ ಸುತ್ತಿದ ಕೈಯನ್ನು ನೋಡಿದಳು. ಎದೆಯೊಳಗಿನ ಪತ್ರವನ್ನು ಮುಟ್ಟಿ ನೋಡಿದಳು, ಮಸಿ ಒಣಗಿತ್ತು. ಇನ್ನು ಯಾರಪ್ಪನಿಂದಲೂ ಅದನ್ನು ಅಳಿಸಲಾಗದು.

"ಇಲ್ಲೇ ಕೂತಿರು, ಒಂದು ನಿಮಿಷ" ಎಂದು ಅವಳು ಅಂಗಿಯ ತೋಳು ಮಡಚಿಕೊಂಡು ಕೆಳಗಿಳಿದಳು. ಒಲೆಯ ಪಕ್ಕದಿಂದ ಕಬ್ಬಿಣದ ಕೋಲು ತೆಗೆದುಕೊಂಡಳು. "ಹಾಬ್ಡೇ, ಚಾಟಿ ಹಿಡಿಯೋದು ಅವನು ಯಾವ ಕೈಲಿ?"

"ಬಲಗೈಲಿ, ಮೇಡಮ್ಮೋರೇ" ಎಂದ ಹಾಬ್ಡೇ. ಅವಳು ಊಟದ ಕೋಣೆಯೊಳಗೆ ಹೋದ ಮೇಲೆ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಹಾಕಿಕೊಂಡ.