ಗೋಡೆಯಾಚೆಯ ಕಿಟಕಿಗಳು

ಕಂಪ್ಯೂಟರಿನ ಪರದೆಯ ಮೇಲೆ ಓಡೀಲ್‌ನ ಎರಡು ಮುಖಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕೆಳಗಿನದು ಆಕಾಶ ನೋಡುತ್ತಿತ್ತು, ಮೇಲಿನದು ಎದುರಿಗಿದ್ದವರನ್ನು. ಎರಡೂ ಸೇರಿ ನಾಲ್ಕು ಕಣ್ಣು, ಎರಡು ಗಲ್ಲ, ಎತ್ತ ತಿರುಗಿದೆಯೆಂದು ತಿಳಿಯದ ಒಂದು ಮೂಗು. ಹೋಲಿಸಿ ನೋಡಲೆಂದು ನಿನ್ನೆ ಸಂಜೆ ಸಿಸ್ಟರ್ ರೈನ್‌ಹಿಲ್ಡೆ ತಾವೇ ಹಾಗೆ ಬಿಟ್ಟು ಎದ್ದಿದ್ದರು. ಈಗ ಕೆಳಗಿನ ಪದರವನ್ನು ಮರೆಮಾಡಿ, ಮೇಲಿನ ಮುಖವನ್ನು ತಿದ್ದಿ ಮುಗಿಸಿದರೆ ಆಯಿತು. ಪದರಗಳ ಕಿಟಕಿ ಯಾವಾಗಲೂ ಎಡಗಡೆ ಇರುತ್ತಿತ್ತು. ಅಲ್ಲಿ ನೋಡಿದರು. ಇರಲಿಲ್ಲ. ಬಣ್ಣದ ಕಿಟಕಿಯೂ ಇರಲಿಲ್ಲ, ಕುಂಚಗಳದ್ದೂ ಇರಲಿಲ್ಲ. ಚಿತ್ರವೊಂದೇ, ಅಂಗಳದಲ್ಲಿ ಒಂಟಿಯಾಗಿ ನಿಲ್ಲಿಸಿದ ಮಗುವಿನಂತೆ.

ಫ್ಲಾಂಡರ್ಸಿನ ಆ ಸೀಮೆಯಲ್ಲಿ ಯಾರೇ ತೀರಿಕೊಂಡರೂ ಮಣ್ಣಿನ ದಿನದ ಪೂಜೆಗೆ ಬಂದವರು ಸಾಲಾಗಿ ಪೀಠದ ತನಕ ನಡೆದು ಒಂದೊಂದು ನೆನಪಿನ ಚೀಟಿ ತೆಗೆದುಕೊಂಡು ಬರುತ್ತಾರೆ. ಅಂಗೈ ಅಗಲದ ಕಾಗದ, ಒಂದು ಮಗ್ಗುಲಲ್ಲಿ ಹೋದವರ ಮುಖ, ಇನ್ನೊಂದರಲ್ಲಿ ಪ್ರಾರ್ಥನೆ. ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ. ವಯಸ್ಸಾದ ಹೆಂಗಸರ ಪುಸ್ತಕಗಳು ದಪ್ಪಗಾಗುವುದು ಸತ್ತವರಿಂದಲೇ. ಮನೆಯಲ್ಲಿ ಸರಿಯಾದ ಫೋಟೊ ಇಲ್ಲದವರು ಕನ್ಯಾಮಠದ ಬಾಗಿಲು ತಟ್ಟುತ್ತಾರೆ, ರೈನ್‌ಹಿಲ್ಡೆ ಮುಖವನ್ನು ಬರೆದುಕೊಡುತ್ತಾರೆ. ಮೊದಲೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಬೆರಳ ಗಂಟುಗಳು ನೋಯಲು ಶುರುವಾದ ಮೇಲೆ ಕಂಪ್ಯೂಟರಿನಲ್ಲಿ.

ಓಡೀಲ್‌ನ ಹೆಂಡತಿ ಜುಲ್ಮಾ ಮೊನ್ನೆ ಬಂದು ಮಾತಿನ ಕೋಣೆಯ ಮೇಜಿನ ಮೇಲೆ ಫೋಟೊಗಳನ್ನು ರಾಶಿ ಸುರಿದಿದ್ದಳು. ಮಠದೊಳಕ್ಕೆ ಹೊರಗಿನವರು ಬರುವಂತಿಲ್ಲ. ಅವರ ಜೊತೆ ಮಾತೇನಿದ್ದರೂ ಆ ಕೋಣೆಯ ಗೋಡೆಯಲ್ಲಿರುವ ಸಣ್ಣ ಕಂಡಿಯಲ್ಲಿ. ರೈನ್‌ಹಿಲ್ಡೆ ಕಂಡಿಯಿಂದಲೇ ಒಂದೊಂದು ಫೋಟೊ ತೆಗೆದುಕೊಂಡು ನೋಡಿದರು. ಓಡೀಲ್ ಪಾರಿವಾಳದ ಪಂದ್ಯದವನು. ಎಲ್ಲದರಲ್ಲೂ ಕತ್ತೆತ್ತಿ ಆಕಾಶ ನೋಡುತ್ತಿದ್ದ, ಇಲ್ಲವೇ ಕೈಯಲ್ಲಿದ್ದ ಹಕ್ಕಿಯನ್ನು. ಮದುವೆಯ ಫೋಟೊದಲ್ಲೂ ಅಷ್ಟೇ.

"ಅವತ್ತೂ ಪಂದ್ಯ ಇತ್ತು ಸಿಸ್ಟರ್," ಎಂದಿದ್ದಳು ಜುಲ್ಮಾ. "ನಾನು ಉಂಗುರ ಹಾಕ್ತಾ ಇದ್ರೆ ಇವ್ನು ಮೋಡ ನೋಡ್ತಾ ನಿಂತಿದ್ದ."

ಗೂಡಿನ ಏಣಿಯಿಂದ ಬಿದ್ದು ಹೋದವನು ಅವನು. ಮುಖ ನೋಡುವ ಹಾಗಿರಲಿಲ್ಲವೆಂದು ಆಸ್ಪತ್ರೆಯವರು ಪೆಟ್ಟಿಗೆ ಮುಚ್ಚಿಯೇ ಕಳಿಸಿದ್ದರು. ಅದಕ್ಕೂ ಮುಂಚೆ ಅವಳಿಗೆ ಹಿಡಿದುಕೊಳ್ಳಲು ಕೈಯೊಂದು ಸಿಕ್ಕಿತ್ತು, ಕೊನೆಯ ನೋಟ ಸಿಕ್ಕಿರಲಿಲ್ಲ. "ಒಂದೇ ಒಂದು ಸಲ ಈ ಕಡೆ ನೋಡೋ ಹಂಗೆ ಬರ್ದುಕೊಡಿ," ಎಂದು ಕೇಳಿದ್ದಳು. ಆಮೇಲೆ ತನ್ನ ಮುಖದ ಮೇಲೇ ಬೆರಳಾಡಿಸುತ್ತ ಅವನ ಮುಖವನ್ನು ಹೇಳಿದ್ದಳು. ಎಡಗಣ್ಣು ಒಂದು ಎಳೆ ಕೆಳಗೆ, ಹುಬ್ಬಿನಲ್ಲಿ ಕೂದಲು ಬೆಳೆಯದ ಒಂದು ಜಾಗ, ತುಟಿಯ ಮೂಲೆಯಲ್ಲಿ ನಗುವಲ್ಲದ ಒಂದು ಮಡಿಕೆ. ಪರದೆಯಲ್ಲಿ ಎದುರಿಗೆ ನೋಡುವ ಮುಖವನ್ನು ರೈನ್‌ಹಿಲ್ಡೆ ಬರೆದದ್ದು ಆ ಬೆರಳನ್ನು ನೋಡಿ. ಇವತ್ತು ಬೆಳಿಗ್ಗೆ ಜುಲ್ಮಾ ಬಂದು ನೋಡಿ ಒಪ್ಪಬೇಕು, ಮಧ್ಯಾಹ್ನದೊಳಗೆ ಮುದ್ರಣದವರು ಬಂದು ಒಯ್ಯಬೇಕು. ನಾಳೆ ಮಣ್ಣು.

ಯಾರನ್ನಾದರೂ ಕೇಳೋಣವೆಂದರೆ ಅದು ಮೌನದ ಹೊತ್ತು. ರಾತ್ರಿಯ ಪ್ರಾರ್ಥನೆಗೆ ಮುಚ್ಚಿದ ಬಾಯಿ ಬೆಳಿಗ್ಗೆ ಎರಡನೆಯ ಸಲ ಗಂಟೆ ಬಾರಿಸುವವರೆಗೆ ತೆರೆಯುವಂತಿಲ್ಲ. ಬೆಂಕಿ ಬಿದ್ದರೆ ಮಾತ್ರ ಕೂಗಬಹುದು ಎನ್ನುತ್ತಿದ್ದರು ಹಿಂದಿನ ಮದರ್, ಅದೂ ದೊಡ್ಡ ಬೆಂಕಿಯಾದರೆ. ಇದು ಬೆಂಕಿಯಲ್ಲ. ರೈನ್‌ಹಿಲ್ಡೆ ನಿಲುವಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದರು.

ಮೇಲಿನ ಪಟ್ಟಿಯಲ್ಲಿ ಕಿಟಕಿಗಳ ಹೆಸರುಗಳಿದ್ದವು. ಪದರಗಳು, ಬಣ್ಣ, ಕುಂಚ. ಒಂದೊಂದರ ಮುಂದೆಯೂ ಟಿಕ್ ಗುರುತಿತ್ತು. ಎಲ್ಲವೂ ತೆರೆದಿವೆ ಎಂದು ಯಂತ್ರ ಹೇಳುತ್ತಿತ್ತು. ಗುರುತು ತೆಗೆದರು, ಮತ್ತೆ ಹಾಕಿದರು. ಏನೂ ಬರಲಿಲ್ಲ. ಚಿತ್ರವನ್ನು ಉಳಿಸಿ ಎಲ್ಲ ಮುಚ್ಚಿದರು, ಯಂತ್ರವನ್ನೂ ಆರಿಸಿದರು. ಅದು ಮತ್ತೆ ಏಳುವಷ್ಟರಲ್ಲಿ ಜಪಸರದ ಕೆಲವು ಮಣಿಗಳನ್ನು ಸರಿಸಿದರು. ಎದ್ದು ಕೂತ ಯಂತ್ರ ಅದೇ ನಾಲ್ಕು ಕಣ್ಣುಗಳನ್ನು ತೋರಿಸಿತು. ಎಲ್ಲವನ್ನೂ ಮೊದಲಿನಂತೆ ಮಾಡು ಎಂಬ ಆಜ್ಞೆಯೊಂದು ಪಟ್ಟಿಯ ತಳದಲ್ಲಿತ್ತು. ಆದರೆ ಆ ಮೊದಲು ಯಾವ ಮೊದಲು? ವರ್ಷಗಟ್ಟಲೆ ತಮ್ಮ ಕೈಗೆ ಹದಮಾಡಿಕೊಂಡ ಕುಂಚಗಳು ಅದರ ಜೊತೆಗೆ ಹೋದರೆ? ಅದನ್ನು ಕೊನೆಗೆಂದು ಇಟ್ಟುಕೊಂಡರು.

ಹೊಸದಾಗಿ ಬರೆಯೋಣವೆಂದರೆ ಕುಂಚವೇ ಇಲ್ಲ. ಇದ್ದರೂ ಆ ಬೆರಳು ತೋರಿಸಿದ ಮುಖ ಎರಡನೆಯ ಸಲ ಬರುವಂಥದ್ದಲ್ಲ.

ಅವರು ಟಿಕ್ ಗುರುತನ್ನೇ ನೋಡುತ್ತ ಕೂತರು. ಯಂತ್ರಕ್ಕೆ ಸುಳ್ಳಾಡಲು ಬರುವುದಿಲ್ಲ. ತೆರೆದಿದೆ ಎನ್ನುತ್ತಿದೆಯಾದರೆ ಎಲ್ಲೋ ತೆರೆದೇ ಇರಬೇಕು. ಕಾಣದ್ದೆಲ್ಲ ಇಲ್ಲದ್ದಲ್ಲ ಎಂಬ ಒಂದು ಮಾತನ್ನು ನಂಬಿಯೇ ಅಲ್ಲವೇ ಹದಿನೆಂಟನೆಯ ವಯಸ್ಸಿಗೆ ಈ ಹೊಸ್ತಿಲು ದಾಟಿದ್ದು. ಹಾಗಾದರೆ ಹುಡುಕಬೇಕಾದ್ದು ಕಿಟಕಿಯನ್ನಲ್ಲ, ಅದು ಇರುವ ಜಾಗವನ್ನು.

ಮೌಸ್ ಹಿಡಿದು ಬಾಣದ ಗುರುತನ್ನು ಪರದೆಯ ಅಂಚುಗಳಿಗೆ ಒಯ್ದರು, ಕತ್ತಲೆಯಲ್ಲಿ ಗೋಡೆ ತಡವುವವರ ಹಾಗೆ. ಬಲಕ್ಕೆ ಒಯ್ದರೆ ಅಂಚಿಗೆ ತಾಗಿ ನಿಂತಿತು. ಮೇಲೆಯೂ ನಿಂತಿತು, ಕೆಳಗೂ ನಿಂತಿತು. ಎಡಕ್ಕೆ ಒಯ್ದರು. ಬಾಣ ನಿಲ್ಲಲಿಲ್ಲ. ಅಂಚು ದಾಟಿ ಎಲ್ಲಿಗೋ ಹೋಯಿತು. ಕೈ ಹಿಂದಕ್ಕೆ ಎಳೆದರೆ ಸ್ವಲ್ಪ ಹೊತ್ತಿಗೆ ವಾಪಸ್ಸು ಬಂತು. ಮತ್ತೆ ಕಳಿಸಿದರು.

"ಬಂತು," ಎಂದಿತು ಗೋಡೆ.

ರೈನ್‌ಹಿಲ್ಡೆಯ ಕೈ ಮೌಸಿನ ಮೇಲೇ ನಿಂತಿತು.

"ಸಿಸ್ಟರ್, ಇಲ್ಲೊಂದು ಬಾಣ ಬಂತು. ಈಗ್ತಾನೇ ಒಂದ್ಸಲ ಬಂದು ಹೋಗಿತ್ತು."

ಜುಲ್ಮಾಳ ದನಿ. ಗೋಡೆಯಾಚೆ ಮಾತಿನ ಕೋಣೆ. ಅವಳು ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದಳು. ರೈನ್‌ಹಿಲ್ಡೆ ಮೇಜಿನ ಹಿಂದೆ ಬಗ್ಗಿ ನೋಡಿದರು. ಹೊಸದೊಂದು ಕರಿ ತಂತಿ ಕಂಪ್ಯೂಟರಿನ ಬೆನ್ನಿನಿಂದ ಹೊರಟು, ಹಿಂದಿನ ಕಾಲದ ಒಲೆಯ ಕೊಳವೆ ಹಾದುಹೋಗುತ್ತಿದ್ದ ತೂತಿನಲ್ಲಿ ನುಸುಳಿ ಆಚೆಗೆ ಹೋಗಿತ್ತು. ಬಾಗಿಲು ಕಾಯುವ ಸಿಸ್ಟರ್ ಅಮೆಲ್‌ಬೆರ್ಗಾರ ಕೆಲಸ ಎಂದು ನೋಡಿದ ಕೂಡಲೇ ತಿಳಿಯಿತು. ಪಾಪ, ಗಂಡನ ಮುಖ ನೋಡಲು ಆ ಹೆಂಗಸು ಕಂಡಿಯಲ್ಲಿ ಕತ್ತು ತೂರಿಸಿ ಬಗ್ಗುವುದು ಬೇಡವೆಂದು ಚರ್ಚಿನ ಹಳೆಯ ಪರದೆಯೊಂದನ್ನು ಹೊತ್ತುತಂದು ಆಚೆ ಕೋಣೆಯಲ್ಲಿ ಕೂರಿಸಿದ್ದಾರೆ. ನಿನ್ನೆ ಸಂಜೆ ಅದನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಮೌನದ ಗಂಟೆ ಬಾರಿಸಿರಬೇಕು, ಬಾಯಿ ಕಟ್ಟಿಹೋಗಿರಬೇಕು. ಯಂತ್ರವೋ ಆ ಪರದೆಯನ್ನೇ ದೊಡ್ಡ ಮನೆಯೆಂದು ತಿಳಿದು ಕಿಟಕಿಗಳನ್ನೆಲ್ಲ ಅಲ್ಲಿ ತೆರೆದಿಟ್ಟಿದೆ.

"ಇಲ್ಲಿ ಒಂದಷ್ಟು ಡಬ್ಬಿಗಳು ಕೂತಿವೆ," ಎಂದಳು ಜುಲ್ಮಾ. "ಒಂದ್ರಲ್ಲಿ ಬಣ್ಣದ ಚಕ್ರ. ಒಂದ್ರಲ್ಲಿ ನಮ್ಮೋನು ಇದಾನೆ, ಉಗುರಿನಷ್ಟು. ಎರಡು ಸಲ ಇದಾನೆ. ನೀವು ಒಳಗಿದೀರಾ?"

ರೈನ್‌ಹಿಲ್ಡೆ ಗೋಡೆಗೆ ಒಂದು ಸಲ ಮೆಲ್ಲಗೆ ಕುಟ್ಟಿದರು.

"ಓ, ನಿಮ್ದು ಮೌನ ಅಲ್ವಾ. ಹಂಗಾದ್ರೆ ನಾನೇ ಮಾತಾಡ್ತೀನಿ ಬಿಡಿ. ನಲವತ್ತು ವರ್ಷದ ಅಭ್ಯಾಸ."

ಕಾಣದ ಪರದೆಯ ಮೇಲೆ ಕಾಣದ ಬಾಣವನ್ನು ರೈನ್‌ಹಿಲ್ಡೆ ನಡೆಸಿದರು. ಜುಲ್ಮಾ ದಾರಿ ಹೇಳಿದಳು. ಅವಳ ಎಡ ಬಲಗಳು ಮೊದಮೊದಲು ಹಿಂದುಮುಂದಾದವು, ಬಾಣ ಎಲ್ಲೆಲ್ಲೋ ಅಲೆಯಿತು. ಆಮೇಲೆ ಅವಳು ಎಡಬಲ ಬಿಟ್ಟು ಕೋಣೆಯ ಕಿಟಕಿಯ ಕಡೆಗೆ, ಬಾಗಿಲ ಕಡೆಗೆ ಎಂದು ಹೇಳತೊಡಗಿದಳು. ಆ ಕೋಣೆಯ ಬಾಗಿಲು ಯಾವ ಕಡೆ ಎಂದು ರೈನ್‌ಹಿಲ್ಡೆಗೆ ಗೊತ್ತಿದ್ದುದರಿಂದ ದಾರಿ ಸಲೀಸಾಯಿತು. ಉಗುರಿನಷ್ಟು ಓಡೀಲ್ ಇದ್ದ ಡಬ್ಬಿಯ ತಲೆಪಟ್ಟಿಗೆ ಬಾಣ ಬಂದು ಕೂತಾಗ ಅವಳು ಹೂಂ ಎಂದಳು. ಇವರು ಗುಂಡಿ ಅದುಮಿ ಹಿಡಿದು ಎಳೆದರು. ಅಂಚಿನ ಹತ್ತಿರ ಬೆರಳ ಗಂಟು ಚುಳ್ಳೆಂದಿತು. ಕೈ ಸಡಿಲವಾಯಿತು.

"ಹೊಸ್ತಿಲಲ್ಲೇ ಕೂತ್ಬಿಡ್ತು," ಎಂದಳು ಜುಲ್ಮಾ. "ಅವನ ಹಕ್ಕಿಗಳೂ ಹಿಂಗೇ. ಬಾರ್ಸಿಲೋನಾದಿಂದ ಹಾರ್ಕೊಂಡು ಬರೋವು, ಬಂದು ಸೂರಿನ ಮೇಲೆ ಕೂತ್ರೆ ಒಳಕ್ಕೆ ಮಾತ್ರ ಬರ್ತಿರ್ಲಿಲ್ಲ. ಅವಸರ ಮಾಡ್ಬೇಡಿ ಸಿಸ್ಟರ್. ಬರ್ತವೆ."

ರೈನ್‌ಹಿಲ್ಡೆ ಬೆರಳನ್ನು ಬಟ್ಟೆಯಲ್ಲಿ ಒತ್ತಿಕೊಂಡು, ಮತ್ತೆ ಹಿಡಿದು, ಮೆಲ್ಲಗೆ ಎಳೆದರು. ಪರದೆಯ ಎಡ ಅಂಚಿನಿಂದ ಬೂದು ಬಣ್ಣದ ಒಂದು ಮೂಲೆ ಇಣುಕಿತು. ಆಮೇಲೆ ಅರ್ಧ, ಆಮೇಲೆ ಇಡೀ ಕಿಟಕಿ. ಕೆಳಗಿನ ಪದರದ ಪಕ್ಕದಲ್ಲಿದ್ದ ಕಣ್ಣಿನ ಗುರುತನ್ನು ಒತ್ತಿದರು. ಆಕಾಶ ನೋಡುತ್ತಿದ್ದ ಓಡೀಲ್ ಸದ್ದಿಲ್ಲದೆ ಹೋದ. ಇನ್ನೊಬ್ಬ ಉಳಿದ.

ಬಣ್ಣದ ಕಿಟಕಿಯೂ ಕುಂಚಗಳದ್ದೂ ಅದೇ ದಾರಿಯಲ್ಲಿ ಬಂದವು. ಕೊನೆಯದು ಈಚೆಗೆ ದಾಟಿದಾಗ ಆಚೆಯಿಂದ, "ಎಲ್ಲಾ ಹೋದ್ವು. ಇಲ್ಲೀಗ ಏನೂ ಇಲ್ಲ," ಎಂಬ ಮಾತು ಬಂತು. ರೈನ್‌ಹಿಲ್ಡೆ ಎಡಗಣ್ಣನ್ನು ಒಂದು ಎಳೆ ಕೆಳಗಿಳಿಸಿದರು. ಹುಬ್ಬಿನ ಬರಿ ಜಾಗವನ್ನು ಬೆಳಗಿಸಿದರು. ತುಟಿಯ ಮಡಿಕೆಯನ್ನು ಮುಟ್ಟಲು ಹೋಗಿ ಬಿಟ್ಟರು, ಅದು ಸರಿಯಾಗಿಯೇ ಇತ್ತು.

ಎರಡನೆಯ ಸಲ ಗಂಟೆ ಬಾರಿಸಿತು. ಅವರು ಚಿತ್ರವನ್ನು ಇಡಿಯಾಗಿ ಹಿಡಿದು ಎಡಕ್ಕೆ, ಅಂಚಿನಾಚೆಗೆ ದಾಟಿಸಿದರು. ಕಿಟಕಿಗಳೆಲ್ಲ ಈಚೆಗೇ ಉಳಿದವು. ಎದ್ದು ಓಣಿಯಲ್ಲಿ ನಡೆದು ಕಂಡಿಯ ಮರದ ಬಾಗಿಲನ್ನು ತೆರೆದರು. ತಡವಾಯಿತು, ಏನಾದರೂ ತಿದ್ದಬೇಕಿದ್ದರೆ ಹೇಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಜುಲ್ಮಾ ಕಂಡಿಯ ಕಡೆ ತಿರುಗಲಿಲ್ಲ. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು ಎದುರಿನ ಪರದೆಯನ್ನು ನೋಡುತ್ತಿದ್ದಳು. ಕಪ್ಪು ಕೋಟಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡಿದ್ದಳು.

"ಏನ್ ಹಂಗ್ ನೋಡ್ತೀಯ," ಎಂದಳು ಮೆಲ್ಲಗೆ.

ರೈನ್‌ಹಿಲ್ಡೆ ಕಂಡಿಯ ಬಾಗಿಲು ಕಿರುಗುಟ್ಟದಂತೆ ಹಿಡಿದು ನಿಂತರು. ಜುಲ್ಮಾ ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಎರಡು ಬೆರಳನ್ನು ನಾಲಿಗೆಗೆ ತಾಗಿಸಿ, ಹಣೆಯ ಮೇಲೆ ಕೆದರಿದ್ದ ಬಿಳಿ ಕೂದಲನ್ನು ಹಿಂದಕ್ಕೆ ತೀಡಿಕೊಂಡಳು.