ನೂರರ ಒಳಗೆ

ಮೋಟಾರು ರಿಪೇರಿಯ ಪರಪ್ಪನ ಕರೆಂಟು ಅಳೆಯುವ ಮೀಟರು ಸುಳ್ಳು ಹೇಳುತ್ತದೆ ಎಂಬುದು ಯರಗಟ್ಟಿ ಸುತ್ತಿನ ಪಂಪ್‌ಸೆಟ್ಟಿನವರಿಗೆಲ್ಲ ಗೊತ್ತಿತ್ತು. ತಂತಿಯಲ್ಲಿ ಕರೆಂಟು ಇದ್ದರೆ ಪರದೆಯ ಮೂಲೆಯಲ್ಲಿ ಬರೀ ‘1’ ನಿಲ್ಲುತ್ತಿತ್ತು. ಇಲ್ಲದಿದ್ದರೆ ಎಂಬತ್ತು, ತೊಂಬತ್ತು ಅಂತ ಏನೋ ಕುಣಿಯುತ್ತಿತ್ತು.

“ನೂರರ ಒಳಗ ಬಂತಂದ್ರ ಏನೂ ಇಲ್ಲಂತ ತಿಳಕೋಬೇಕು. ನನ್ನ ಹೇಣ್ತಿಗಿಂತ ಇದರ ಸ್ವಭಾವ ಚೊಲೊ ಗೊತ್ತೈತಿ ನನಗ,” ಎನ್ನುತ್ತಿದ್ದ ಪರಪ್ಪ. ರೈತರು ನಗುತ್ತಿದ್ದರು.

ಹೆಂಡತಿ ಇಂದ್ರವ್ವ ನಗುತ್ತಿರಲಿಲ್ಲ. ಸ್ಟಾರ್ಟರಿನ ಕಿಡಿ ಹಾರಿ ಸುಟ್ಟ ಅವನ ಅಂಗೈಗೆ ಎಣ್ಣೆ ಹಚ್ಚುವಾಗ ಒಮ್ಮೆ ರಿಪೇರಿಯ ಮಾತು ಎತ್ತಿದ್ದಳು.

“ನನ್ನ ಮೀಟರಿಗೆ ಯಾರರೆ ಕೈ ಹಚ್ಚಿದ್ರ ಆ ಕೈ ಮುರೀತೇನಿ,” ಎಂದಿದ್ದ.

ಅಮಾವಾಸ್ಯೆಯ ದಿನ ಅವನು ಕೆಲಸದ ಹತ್ಯಾರ ಮುಟ್ಟುತ್ತಿರಲಿಲ್ಲ. ಇಕ್ಕಳ, ಮೀಟರು ಎಲ್ಲ ಒರೆಸಿ, ವಿಭೂತಿ ಹಚ್ಚಿ, ದೇವರ ಜಗಲಿಯ ಮೇಲಿಟ್ಟು ಮುರಗೋಡದ ಮಠಕ್ಕೆ ಹೋಗುತ್ತಿದ್ದ. ಆ ಸಲ ಅವನು ಬಸ್ಸು ಹತ್ತಿದ್ದೇ ಇಂದ್ರವ್ವ ಮೀಟರನ್ನು ಸೆರಗಿನಲ್ಲಿ ಸುತ್ತಿಕೊಂಡು ಸವದತ್ತಿಗೆ, ಟಿ.ವಿ. ರಿಪೇರಿಯ ವೆಂಕಣ್ಣನ ಅಂಗಡಿಗೆ ಹೋದಳು.

ವೆಂಕಣ್ಣ ವೈರುಗಳನ್ನು ಗಾಳಿಯಲ್ಲಿ ಹಿಡಿದ. ಎಂಬತ್ತನಾಲ್ಕು. ಸಾಕೆಟ್ಟಿಗೆ ಚುಚ್ಚಿದ. ‘1’. ವೈರು ಬದಲಿಸಿದ, ಬ್ಯಾಟರಿ ಬದಲಿಸಿದ, ಅದೇ ಆಟ. ಹಿಂದಿನ ಮುಚ್ಚಳ ಬಿಚ್ಚಿದಾಗ ಮಣ್ಣು, ಸತ್ತ ಇರುವೆ ಉದುರಿದವು. ವೈರು ಚುಚ್ಚುವ ಜಾಗದಿಂದ ಶುರುಮಾಡಿ ಒಂದೊಂದೇ ರೆಸಿಸ್ಟರನ್ನು ತನ್ನ ಮೀಟರಿನಿಂದ ಅಳೆಯುತ್ತ ಬಂದು ಕೊನೆಯದರ ಮೇಲೆ ನಿಂತ. ಅದು ಕಪ್ಪಾಗಿತ್ತು.

“ಇದು ಸತ್ತದ ನೋಡ್ರಿ ತಂಗಿ. ಒಳಗ ಬಂದ ವೋಲ್ಟೇಜನ್ನ ಹಂಚಿ ಸಣ್ಣದ ಮಾಡೋ ಸಾಲಿನಾಗ ಕಡೀದು ಇದು. ಇದಿಲ್ಲಂದ್ರ ಖಾಲಿ ಗಾಳಿನೂ ಕರೆಂಟಿನಂಗ ಕಾಣ್ತದ, ಖರೇ ಕರೆಂಟು ಅಳತಿ ಮೀರಿ ಬರೇ ‘1’ ಆಗ್ತದ. ಯಾವ ಧೈರ್ಯದ ಮ್ಯಾಲೆ ದುಡೀತಾರ ನಿಮ್ಮ ಯಜಮಾನ್ರು?”

“ಅವ್ರಿಗೆ ಅದರ ಸ್ವಭಾವ ಗೊತ್ತೈತಿ ಅಂತಾರ್ರಿ.”

ಸುಟ್ಟದ್ದನ್ನು ಕಿತ್ತು, ಹಳೆಯ ಮೀಟರಿನದೊಂದನ್ನು ಬೆಸೆದು, ಬೋರ್ಡನ್ನು ಸ್ಪಿರಿಟಿನಿಂದ ಒರೆಸಿದ. ಈಗ ಗಾಳಿಯಲ್ಲಿ ಸೊನ್ನೆ, ಸಾಕೆಟ್ಟಿನಲ್ಲಿ ಇನ್ನೂರ ಇಪ್ಪತ್ತೆಂಟು.

“ಇನ್ನ ಇದು ಎಷ್ಟು ತೋರಸ್ತದೋ ಅಷ್ಟು ಖರೇ. ಮರೀದ ಹೇಳ್ರಿ ಅವ್ರಿಗೆ.”

“ಹೇಳ್ತೇನ್ರಿ.”

ಮನೆಗೆ ಬಂದು ಅಳಿಸಿದ್ದ ವಿಭೂತಿಯನ್ನು ಮತ್ತೆ ಮೊದಲಿನಂತೆಯೇ ಎಳೆದಳು, ತಿರುಪಿನ ತಲೆಗಳೂ ಮುಚ್ಚುವಂತೆ. ಸಂಜೆ ಪರಪ್ಪ ಜಗಲಿಯ ಕಡೆ ನೋಡಿ ಕೇಳಿದ, “ಹತ್ಯಾರದಾಗ ಕೈ ಆಡಿಸಿದ್ಯೇನ?”

“ಇಲ್ರಿ,” ಅಂದುಬಿಟ್ಟಳು.

ಇಲ್ಲ ಎಂದ ಮೇಲೆ ಉಳಿದದ್ದನ್ನು ಹೇಳುವ ದಾರಿಯೇ ಇರಲಿಲ್ಲ. ನಾಳೆ ಅಳೆದಾಗ ತಾನೇ ಕಾಣುತ್ತಾನೆ, ಆಮೇಲೆ ಬೈದರೆ ಬೈಯಲಿ ಎಂದುಕೊಂಡಳು.

ಮರುದಿನದ ಮೊದಲ ಕೆಲಸ ರೈತ ಮಡಿವಾಳೆಪ್ಪನ ಬಾವಿಯ ಮೇಲಿತ್ತು. ಮಧ್ಯಾಹ್ನ ಪರಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಮಡಿವಾಳೆಪ್ಪ ಅಂಗಳದಲ್ಲಿ ನಿಂತು ಹೇಳಿದ:

“ಮೋಟಾರು ಮುಟ್ಟಿದ್ರ ಜುಂ ಅಂತೈತಿ ಅಂದೆ. ಚಾಲೂ ಇಟ್ಟು ಅದರ ಮೈಗೆ ವೈರು ಹಚ್ಚಿದ. ಎಂಬತ್ತಾರು ಬಂತು. ನಕ್ಕ. ನೂರರ ಒಳಗ ಐತಿ, ಏನೂ ಇಲ್ಲೋ ಮಾವ, ನಿನಗ ಅಂಜಿಕಿ ಜುಂ ಅಂತೈತಿ ಅಂದ. ಹಸಿ ನೆಲದಾಗ ನಿಂತು ಕೈ ಇಟ್ಟ ನೋಡ್ರಿ…”

ಪರಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಮೈದುನ ಸುಭಾಸ ಚೀಲದಿಂದ ಮೀಟರು ತೆಗೆದ. “ಸುಳ್ಳ ಬೊಗಳಿ ನಮ್ಮಣ್ಣನ್ನ ತಿಂತು ಇದು!”

ಇಂದ್ರವ್ವ ಅದನ್ನು ಕೈಗೆ ತೆಗೆದುಕೊಂಡು ಗುಂಡಿ ತಿರುವಿದಳು. ಸೊನ್ನೆ. ಕುಣಿತವಿಲ್ಲ, ಏನಿಲ್ಲ. ಎಂಬತ್ತಾರು ಎಂದಾಗಲೂ ಅದು ಖರೆಯನ್ನೇ ಹೇಳಿತ್ತು. ಆ ಮನೆಯಲ್ಲಿ ಅವಳೊಬ್ಬಳಿಗೇ ಅದು ಗೊತ್ತಿತ್ತು. ಅಂಚಿನಲ್ಲಿ ಅವಳೇ ಎಳೆದ ವಿಭೂತಿ ಇನ್ನೂ ಉಳಿದಿತ್ತು.

“ಇಟಗೊಂಡು ಏನ ಮಾಡ್ತಿ ವೈನಿ?”

“ಒಡಿ,” ಎಂದಳು. “ಒಂದು ಚೂರೂ ಉಳೀಬಾರದು.”

ಎರಡನೆಯ ಏಟಿಗೆ ಮುಚ್ಚಳ ಹಾರಿತು. ಒಳಗೆ ಹೊಸ ಬೆಸುಗೆ ಮಿಂಚಿತು. ಸುಭಾಸನಿಗೆ ಅದೇನೆಂದು ಗೊತ್ತಾಗಲಿಲ್ಲ. ಮತ್ತೆ ಕಲ್ಲು ಎತ್ತಿದ.