ಇಸ್ತ್ರಿ ಕೋಣೆಯ ಮರಗಟ್ಟಿಸುವ ಮುಲಾಮು

ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಕೋಣೆಯ ಬಾಗಿಲು ತೆರೆದರೆ ಒಳಗಿನ ಬಿಸಿ ಮುಖಕ್ಕೆ ಬಂದು ಹೊಡೆಯುತ್ತದೆ. ಆಸ್ಪತ್ರೆಗಳಿಂದ, ವಸತಿಗೃಹಗಳಿಂದ ಬಂದ ಬಿಳಿ ಹಾಸುಗಳು ಒಗೆದು ಒಣಗಿ ಅಲ್ಲಿ ಗುಡ್ಡದಂತೆ ಬಿದ್ದಿರುತ್ತವೆ. ಆರು ಮೇಜು, ಆರು ಇಸ್ತ್ರಿ ಪೆಟ್ಟಿಗೆ, ಆರು ಹೆಂಗಸರು. ಮೇಜುಗಳು ತೀರಾ ತಗ್ಗು. ಬೆನ್ನು ಬಗ್ಗಿಸಿ, ತೋಳು ಚಾಚಿ, ಸಂಜೆಯವರೆಗೂ ಒತ್ತಬೇಕು. ಈ ಕೆಲಸ ಮಾಡಿದವರಿಗೆ ಗೊತ್ತು: ನೋವು ಮಣಿಕಟ್ಟಿನಲ್ಲಿ ಶುರುವಾಗಿ, ಮೊಣಕೈಗೆ ಏರಿ, ಕೊನೆಗೆ ಹೆಗಲಲ್ಲಿ ಮನೆ ಮಾಡುತ್ತದೆ.

ಆರು ಜನರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಪಕ್ಕದ ಮೇಜಿನಲ್ಲಿ ಅವಳ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣ್ಣ ಮೈಕಟ್ಟು. ಹಾಗಾಗಿ ಅವಳಿಗೆ ಗುಬ್ಬಿ ಎಂದು ಹೆಸರು. ಗುಬ್ಬಿ ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿತ್ತು. ಸೇರಿಸಿದವಳು ದೊಡ್ಡಕ್ಕನೇ.

ಮುಲಾಮನ್ನು ಕೋಣೆಗೆ ತಂದವಳೂ ದೊಡ್ಡಕ್ಕನೇ. ಅವಳ ನೆರೆಮನೆಯಾಕೆ ಕೆನ್ನೆಯ ಮೇಲಿನ ಮಚ್ಚೆ ತೆಗೆಸಿಕೊಂಡಿದ್ದಳು. ತೆಗೆಯುವ ಮೊದಲು ಡಾಕ್ಟರು ಆ ಜಾಗಕ್ಕೆ ಮುಲಾಮು ಹಚ್ಚಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಮುಚ್ಚಿದ್ದರಂತೆ. ಕೆನ್ನೆ ಮರಗಟ್ಟಿ, ಚುಚ್ಚಿದ್ದೂ ತಿಳಿಯಲಿಲ್ಲವಂತೆ. ದೊಡ್ಡಕ್ಕ ಉಳಿದ ಟ್ಯೂಬನ್ನು ಕೇಳಿ ಪಡೆದು, ಮಣಿಕಟ್ಟಿಗೆ ಹಚ್ಚಿ ನೋಡಿದಳು. ನೋವು ಮಾಯ! ಒಂದೇ ವಾರದಲ್ಲಿ ಆರೂ ಜನ ಹಚ್ಚತೊಡಗಿದರು.

ಒಂದು ತೊಡಕಿತ್ತು. ಮುಲಾಮಿನ ಜಿಡ್ಡು ಬಿಳಿ ಹಾಸುಗಳಿಗೆ ತಾಗಿ ಕಲೆಯಾಗುತ್ತಿತ್ತು. ಮೇಲ್ವಿಚಾರಕ ಕೂಗಾಡಿದ. ಅವನು ದಿನವಿಡೀ ಕೈಗಡಿಯಾರ ನೋಡುವವನು, ಹೆಂಗಸರು ಅವನನ್ನು ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ಆಗ ದೊಡ್ಡಕ್ಕ ಉಪಾಯ ಮಾಡಿದಳು. ಇಸ್ತ್ರಿಯಾದ ಬಟ್ಟೆಗಳನ್ನು ಕಟ್ಟಲು ತೆಳು ಪ್ಲಾಸ್ಟಿಕ್ಕಿನ ದೊಡ್ಡ ಸುರುಳಿ ಇರುತ್ತದಲ್ಲ, ಅದನ್ನೇ ಕತ್ತರಿಸಿ ತೋಳಿಗೆ ಸುತ್ತಿದಳು. ಕಲೆಯೂ ಇಲ್ಲ, ನೋವೂ ಇಲ್ಲ. ಗಡಿಯಾರವೂ ತೆಪ್ಪಗಾದ.

ಹೀಗೆ ಮೂರು ವಾರ ಕಳೆಯಿತು. ಎದುರಿನ ಔಷಧಿ ಅಂಗಡಿಗೆ ದೊಡ್ಡಕ್ಕ ಮತ್ತೆ ಟ್ಯೂಬ್ ಕೇಳಲು ಹೋದಳು. ಅಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಔಷಧಿ ಕೊಡುತ್ತಾಳೆ. ಅದಕ್ಕಾಗಿ ಓದಿ ಪಾಸಾದವಳು.

"ಅಕ್ಕಾ, ಈ ತಿಂಗಳಲ್ಲಿ ಇದು ಆರನೇ ಟ್ಯೂಬು. ಡಾಕ್ಟ್ರ ಚೀಟಿ ಇದೆಯಾ?"

"ನೋವಿಗೂ ಚೀಟಿ ಬೇಕಾ? ಅಂಗಡಿ ಇಟ್ಟಿರೋದು ಮಾರೋಕಾ, ವಿಚಾರಣೆ ಮಾಡೋಕಾ?"

"ಎಲ್ಲಿಗೆ ಹಚ್ತೀರಿ?"

"ನೋವು ಎಲ್ಲಿದೆಯೋ ಅಲ್ಲಿಗೆ. ಎರಡೂ ತೋಳಿಗೆ, ಹೆಗಲಿಗೆ. ಹಚ್ಚಿ ಪ್ಲಾಸ್ಟಿಕ್ ಸುತ್ತಿಬಿಟ್ರೆ ಸಂಜೆವರೆಗೂ ಚಿಂತೆ ಇಲ್ಲ."

ಹುಡುಗಿ ತೆಗೆದ ಟ್ಯೂಬನ್ನು ಹಾಗೇ ಕಪಾಟಿನೊಳಗೆ ಇಟ್ಟಳು. "ಸುತ್ತಿಕೊಂಡು ಆ ಬಿಸಿಯಲ್ಲಿ ನಿಂತ್ಕೋತೀರಾ? ಅಕ್ಕಾ, ಇದು ಮೈಕೈ ನೋವಿನ ಮುಲಾಮಲ್ಲ. ಚರ್ಮದಲ್ಲೇ ಉಳಿಯೋದೂ ಇಲ್ಲ, ರಕ್ತಕ್ಕೂ ಹೋಗುತ್ತೆ. ಸ್ವಲ್ಪ ಹೋದ್ರೆ ಮೈ ತಡ್ಕೊಳ್ಳುತ್ತೆ. ಬಿಸಿ, ಪ್ಲಾಸ್ಟಿಕ್ಕು, ಅಷ್ಟಗಲ ಜಾಗ, ಮೂರೂ ಸೇರಿದ್ರೆ ಸಿಕ್ಕಾಪಟ್ಟೆ ಹೋಗುತ್ತೆ. ಆಗ ತಲೆಗೆ, ಹೃದಯಕ್ಕೆ ಪೆಟ್ಟು."

"ಡಾಕ್ಟ್ರೇ ಪ್ಲಾಸ್ಟಿಕ್ ಮುಚ್ಚಿದ್ರು! ಅವರು ಮುಚ್ಚಿದ್ರೆ ಮದ್ದು, ನಾನು ಮುಚ್ಚಿದ್ರೆ ವಿಷವಾ?"

"ಅವರು ಮುಚ್ಚಿದ್ದು ಕಾಸಗಲ ಜಾಗಕ್ಕೆ. ಹೊತ್ತು ನೋಡಿ ತೆಗೆದ್ರು. ನೀವು ಮುಚ್ತಿರೋದು ಅರ್ಧ ಮೈ."

"ನೋಡಮ್ಮ, ನೋವು ನಂದು, ಕೈ ನಂದು. ನಿನಗೆಷ್ಟು ವಯಸ್ಸೋ ಅಷ್ಟು ವರ್ಷ ನಾನು ಇಸ್ತ್ರಿ ಒತ್ತಿದ್ದೀನಿ."

"ಒತ್ತಿದ್ದೀರಿ. ಆದ್ರೂ ಕೊಡಲ್ಲ."

"ಊರಲ್ಲಿ ಇದೊಂದೇ ಅಂಗಡಿ ಅಂದ್ಕೊಂಡ್ಯಾ?" ದೊಡ್ಡಕ್ಕ ಸೆರಗು ಸಿಕ್ಕಿಸಿ ಹೊರಟಳು. ಹುಡುಗಿ ಬಾಗಿಲವರೆಗೂ ಬಂದು ಕೂಗಿದಳು: "ತುಟಿ ಜುಮ್ ಅಂದ್ರೆ, ಕಿವಿ ಗುಂಯ್ ಅಂದ್ರೆ ಸುಮ್ನಿರಬೇಡಿ! ತಕ್ಷಣ ತೊಳೆದು ಆಸ್ಪತ್ರೆಗೆ ಓಡಿ!"

"ನಿನ್ನ ಬಾಯಿ ಮೊದಲು ತೊಳ್ಕೋ!" ಎಂದಳು ದೊಡ್ಡಕ್ಕ.

ಎರಡು ಬೀದಿ ಆಚೆಯ ಅಂಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಎರಡು ಟ್ಯೂಬ್ ಕೊಟ್ಟರು.

ಮರುದಿನ ಗುಬ್ಬಿಯ ಹೆಗಲು ಹಿಡಿದುಕೊಂಡಿತ್ತು. ದೊಡ್ಡಕ್ಕ ಅವಳ ಎರಡೂ ತೋಳಿಗೆ ಮಣಿಕಟ್ಟಿನಿಂದ ಹೆಗಲವರೆಗೆ ದಪ್ಪಗೆ ಮುಲಾಮು ಮೆತ್ತಿ, ಎರಡು ಸುತ್ತು ಪ್ಲಾಸ್ಟಿಕ್ ಬಿಗಿದಳು.

"ಅಕ್ಕ, ಒಳಗೆ ಕುದಿಯೋ ಹಾಗಾಗ್ತಿದೆ."

"ಸುಮ್ನಿರೇ. ಈಗ ಕುದಿಯುತ್ತೆ, ಆಮೇಲೆ ನೀನೇ ನನಗೆ ಕೈ ಮುಗೀತೀಯ."

ಹನ್ನೊಂದರ ಹೊತ್ತಿಗೆ ಗುಬ್ಬಿ ಮತ್ತೆಮತ್ತೆ ಉಗುಳು ನುಂಗತೊಡಗಿದಳು. "ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಅಕ್ಕ. ತುಟಿ ಜುಮ್ ಅಂತಿದೆ."

"ಬೆಳಿಗ್ಗೆ ಅರ್ಧ ಹೊಟ್ಟೆಗೆ ತಿಂದು ಬಂದ್ರೆ ಇನ್ನೇನಾಗುತ್ತೆ?"

"ಯಾರೋ ಸೀಟಿ ಊದ್ತಿದ್ದಾರಲ್ಲ?"

ಯಾರೂ ಊದುತ್ತಿರಲಿಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ದೊಡ್ಡಕ್ಕ ತಿರುಗಿ ನೋಡಿದರೆ, ಗುಬ್ಬಿಯ ಎಡ ಮಣಿಕಟ್ಟು ಕಾದ ಪೆಟ್ಟಿಗೆಗೆ ಒರಗಿಕೊಂಡಿದೆ. ದೊಡ್ಡಕ್ಕ ಕಿರುಚಿ ಕೈ ಎಳೆದಳು. ಚರ್ಮ ಸುಟ್ಟು ಬಿಳಿಚಿಕೊಂಡಿತ್ತು. ಗುಬ್ಬಿ ಅದನ್ನು ಬೇರೆ ಯಾರದೋ ಕೈ ಎನ್ನುವಂತೆ ನೋಡಿ ನಕ್ಕಳು. "ನೋವೇ... ಇಲ್ಲಕ್ಕ." ಮಾತು ತೊದಲಿತು. ಕಾಲು ಕುಸಿದು ಬಟ್ಟೆಯ ಗುಡ್ಡೆಯ ಮೇಲೆ ಬಿದ್ದಳು. ಬೆರಳುಗಳು ತಾವೇ ತಾವಾಗಿ ಅದುರುತ್ತಿದ್ದವು.

ಮೇಲ್ವಿಚಾರಕ ಓಡಿ ಬಂದ. "ಹಸಿವು ಅಷ್ಟೇ. ಸಕ್ಕರೆ ನೀರು ಕುಡಿಸಿ. ಮತ್ತೆ ಕೇಳಿ, ಆ ಮುಲಾಮಿನ ಮಾತು ಯಾರೂ ಎತ್ತಬೇಡಿ."

ದೊಡ್ಡಕ್ಕನಿಗೆ ಅವನ ಮಾತು ಕೇಳಲೇ ಇಲ್ಲ. ನಿನ್ನೆ ಔಷಧಿ ಅಂಗಡಿಯ ಹುಡುಗಿ ಬೆನ್ನ ಹಿಂದೆ ಕೂಗಿದ ಮಾತು ಕಿವಿಯೊಳಗೆ ಬಡಿಯುತ್ತಿತ್ತು. ಬರಿಗಾಲಲ್ಲಿ ರಸ್ತೆ ದಾಟಿ ಓಡಿ, ಅಂಗಡಿಯ ಮುಂದೆ ಎರಡೂ ಕೈ ಜೋಡಿಸಿದಳು. "ತಪ್ಪಾಯ್ತು ಕಣಮ್ಮ, ನಾನು ನಿನ್ನೆ..."

"ಅದೆಲ್ಲ ಆಮೇಲೆ. ಉಸಿರಾಡ್ತಿದ್ದಾಳಾ?" ಹುಡುಗಿ ಕತ್ತರಿ ಕೈಗೆತ್ತಿಕೊಂಡು, ಅಂಗಡಿಯ ಯಜಮಾನರಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೇಳುತ್ತಲೇ ಹೊರಗೆ ಬಂದಿದ್ದಳು.

ಕೋಣೆಯಲ್ಲಿ ಮೇಲ್ವಿಚಾರಕ ಗುಬ್ಬಿಯ ಬಾಯಿಗೆ ಲೋಟ ಹಿಡಿದಿದ್ದ. ಹುಡುಗಿ ಲೋಟವನ್ನು ಸರಿಸಿದಳು. "ಎಚ್ಚರ ಸರಿಯಾಗಿಲ್ಲದವರ ಬಾಯಿಗೆ ಏನೂ ಹಾಕಬಾರದು. ಉಸಿರುಗಟ್ಟುತ್ತೆ." ಗುಬ್ಬಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಪ್ಲಾಸ್ಟಿಕ್ ಕತ್ತರಿಸಿ ತೆಗೆದಳು. ಮುಲಾಮನ್ನು ಬಟ್ಟೆಯಿಂದ ಒರೆಸಿ, ಸೋಪು ನೀರಿನಲ್ಲಿ ತೋಳು ತೊಳೆಸಿದಳು. "ಮೆಲ್ಲಗೆ, ಉಜ್ಜಬೇಡಿ. ಸುಟ್ಟ ಜಾಗಕ್ಕೆ ಬರೀ ತಣ್ಣೀರು ಬಿಡ್ತಾ ಇರಿ. ನೀವೆಲ್ಲ ಏನು ನೋಡ್ತಾ ನಿಂತ್ರಿ? ನಿಮ್ಮ ಪ್ಲಾಸ್ಟಿಕ್ಕೂ ತೆಗೀರಿ! ಅಕ್ಕಾ, ಖಾಲಿ ಟ್ಯೂಬುಗಳನ್ನ ಜೊತೆಗೆ ತಗೊಳ್ಳಿ, ಡಾಕ್ಟ್ರು ಕೇಳ್ತಾರೆ."

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದರು. ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಮೇಲ್ವಿಚಾರಕ ಹೇಳಿದ: "ಊಟ ಮಾಡಿರಲಿಲ್ಲ ಡಾಕ್ಟ್ರೇ, ತಲೆ ಸುತ್ತಿದೆ."

ದೊಡ್ಡಕ್ಕ ತಾನೇ ಸುತ್ತಿದ ಪ್ಲಾಸ್ಟಿಕ್ಕು. ಹೇಳಿದರೆ ಮನೆಯವರು ಏನೆನ್ನುತ್ತಾರೆ? ಮೈದುನನ ಮುಖ ಹೇಗೆ ನೋಡುವುದು? ಆದರೂ ಟ್ಯೂಬುಗಳನ್ನು ಡಾಕ್ಟರ ಮುಂದೆ ಇಟ್ಟಳು.

"ಸುಳ್ಳು. ಇದು ಕಾರಣ. ಎರಡೂ ತೋಳಿಗೆ, ಬೆಳಿಗ್ಗೆ ಎಂಟೂವರೆಗೆ. ಹಚ್ಚಿದ್ದೂ ನಾನೇ, ಸುತ್ತಿದ್ದೂ ನಾನೇ."

ಡಾಕ್ಟರು ಟ್ಯೂಬಿನ ಮೇಲಿನ ಅಕ್ಷರ ಓದಿದರು. ತಕ್ಷಣ ಗುಬ್ಬಿಯನ್ನು ಒಳಗೆ ಸಾಗಿಸಿ, ಹೃದಯದ ಬಡಿತ ತೋರಿಸುವ ಯಂತ್ರಕ್ಕೆ ಜೋಡಿಸಿದರು. ಹೋಗುವಾಗ ಒಂದು ಮಾತು ಹೇಳಿದರು: "ನೀವು ಹೇಳದೆ ಹೋಗಿದ್ರೆ ನಾವು ಬೇರೆಲ್ಲೋ ಹುಡುಕ್ತಾ ಹೊತ್ತು ಕಳೀತಿದ್ವಿ."

ಸಂಜೆ ಗುಬ್ಬಿ ಕಣ್ಣು ಬಿಟ್ಟಳು. "ಈಗ ಮಣಿಕಟ್ಟು ಉರೀತಿದೆ ಅಕ್ಕ," ಎಂದಳು. ಉರಿಯುತ್ತಿದೆ ಎಂದದ್ದಕ್ಕೆ ದೊಡ್ಡಕ್ಕ ಅವಳ ಹಣೆ ನೇವರಿಸಿ ಗಳಗಳನೆ ಅತ್ತಳು.

ಮೂರು ದಿನದ ಮೇಲೆ ಗುಬ್ಬಿ ಮನೆಗೆ ಬಂದಳು. ಕನ್ನಡಕದ ಹುಡುಗಿ ನೋಡಲು ಬಂದಾಗ ಓರಗಿತ್ತಿಯರಿಬ್ಬರ ಅತ್ತೆ ಬಾಗಿಲಲ್ಲೇ ಕೂತಿದ್ದರು. ಅವರ ಒಂದು ದವಡೆ ಹಲ್ಲು ಕೀಳಿಸಬೇಕಿತ್ತು.

"ಮರಗಟ್ಟಿಸೋ ಮದ್ದು ಇನ್ನು ಈ ಮನೆ ಹೊಸ್ತಿಲು ದಾಟಲ್ಲ," ಎಂದರು ಅತ್ತೆ. "ಹಲ್ಲನ್ನೂ ಸೂಜಿ ಇಲ್ದೇನೇ ಕೀಳಿಸ್ಕೋತೀನಿ."

"ಅಯ್ಯೋ ಅಜ್ಜಿ, ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀರಿ!"

"ಕಿರುಚ್ತೀನಿ. ನನ್ನ ಬಾಯಿ."

ಹುಡುಗಿ ಪಕ್ಕದಲ್ಲೇ ಕುಳಿತಳು. "ಮದ್ದಿನ ತಪ್ಪಲ್ಲ ಅಜ್ಜಿ. ಒಲೆಯಲ್ಲಿದ್ರೆ ಬೆಂಕಿಯಿಂದ ಅಡುಗೆ, ಸೀರೆಗೆ ಹತ್ತಿದ್ರೆ ಅನಾಹುತ. ಹಲ್ಲಿನ ಡಾಕ್ಟ್ರು ಅಳತೆ ನೋಡಿ, ಬೇಕಾದ ಜಾಗಕ್ಕಷ್ಟೇ ಕೊಡ್ತಾರೆ. ನಮ್ಮ ಅಂಗಡಿಯಿಂದ ಹೃದಯದ ಮಾತ್ರೆ ಒಯ್ತೀರಲ್ಲ, ಅದನ್ನ ನೀವು ಮೊದಲೇ ಹೇಳ್ಬೇಕು. ಲಿವರಿನ ತೊಂದರೆ ಇದ್ರೆ, ಹಿಂದೆ ಇಂಥ ಮದ್ದಿಗೆ ದದ್ದು ಎದ್ದಿದ್ರೆ, ಉಸಿರು ಕಟ್ಟಿದ್ರೆ, ಅದನ್ನೂ ಹೇಳ್ಬೇಕು. ಆಮೇಲೆ ಸ್ಪರ್ಶ ಪೂರ್ತಿ ಬರೋವರೆಗೂ ಬಿಸಿ ಕುಡೀಬಾರ್ದು, ಏನೂ ಅಗೀಬಾರ್ದು. ತುಟಿ, ನಾಲಿಗೆ ಕಚ್ಕೊಂಡ್ರೂ ಗೊತ್ತಾಗಲ್ಲ."

"ಮಾತು?"

"ಮಾತಾಡಬಹುದು."

"ಹಾಗಾದ್ರೆ ಹಾಕಿಸ್ಕೋತೀನಿ," ಎಂದರು ಅತ್ತೆ.

ಸೋಮವಾರ ಮೇಲ್ವಿಚಾರಕ ಒಂದು ಬಿಳಿ ಹಾಳೆ ಹಿಡಿದು ದೊಡ್ಡಕ್ಕನ ಮೇಜಿಗೆ ಬಂದ. "ಅವತ್ತು ಅವಳು ಊಟ ಮಾಡದೆ ಬಂದಿದ್ಲು ಅಂತ ಬರೆದು ಸಹಿ ಹಾಕು. ಇಲ್ಲದಿದ್ರೆ ಅವಳು ವಾಪಸ್ ಬರೋದು ಕಷ್ಟ. ನೀನೂ ಯೋಚನೆ ಮಾಡ್ಕೋ."

"ಬರೀತೀನಿ ಸಾರ್," ಎಂದಳು ದೊಡ್ಡಕ್ಕ. ಹಾಳೆಯನ್ನು ಮೇಜಿನ ಮೇಲೆ ಹರವಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಬರೆದು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿದಳು. ಅದರಲ್ಲಿ ಇದ್ದದ್ದು ಇಷ್ಟು:

"ಗುಬ್ಬಿ ಹಸಿವಿನಿಂದ ಬೀಳಲಿಲ್ಲ. ತಗ್ಗು ಮೇಜಿನಿಂದ ನಮಗೆ ನೋವು ಬಂತು. ನೋವು ಮುಚ್ಚಲು ನಾವು ಮರಗಟ್ಟಿಸುವ ಮುಲಾಮು ಹಚ್ಚಿ ಪ್ಲಾಸ್ಟಿಕ್ ಸುತ್ತಿದೆವು. ಮೇಲಿನವರು ನೋಡಿಯೂ ಸುಮ್ಮನಿದ್ದರು. ಅವಳ ಜೀವ ಹೋಗುವುದಿತ್ತು. ಇನ್ನು ಮುಂದೆ ಈ ಕೋಣೆಯಲ್ಲಿ ಯಾರೂ ಮೈ ಮರಗಟ್ಟಿಸಿಕೊಂಡು ದುಡಿಯುವುದಿಲ್ಲ. ಮೇಜು ಎತ್ತರ ಮಾಡಿ. ಗಂಟೆಗೊಮ್ಮೆ ಕೈಗೆ ಬಿಡುವು ಕೊಡಿ."

ಮೇಲ್ವಿಚಾರಕ ಹಾಳೆಯನ್ನು ಪರಪರ ಹರಿದ. ಮೂರನೇ ಮೇಜಿನವಳು ಇನ್ನೊಂದು ಹಾಳೆ ತೆಗೆದು ಅದನ್ನೇ ಬರೆದು ಅಂಟಿಸಿದಳು. ಅದನ್ನೂ ಹರಿದ. ಐದನೆಯವಳು ಬರೆಯಲು ಕೂತಳು.

"ಎಷ್ಟು ಬರೀತೀರಿ?" ಎಂದ.

"ಎಷ್ಟು ಹರೀತೀರಿ?" ಎಂದಳು ದೊಡ್ಡಕ್ಕ. "ಇಸ್ತ್ರಿ ಬಟ್ಟೆ ಒಯ್ಯೋ ಗಾಡಿ ಹತ್ತಕ್ಕೆ ಬರುತ್ತೆ ಸಾರ್. ಗಡಿಯಾರ ನೋಡ್ಕೊಳ್ಳಿ."

ಆ ಹೊತ್ತಿಗೂ ಒಂದೇ ಒಂದು ಪೆಟ್ಟಿಗೆ ಕಾದಿರಲಿಲ್ಲ. ಹೆಂಗಸರು ಕೈ ಕಟ್ಟಿ ನಿಂತಿದ್ದರು. ಗಾಡಿ ಬಂದು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಖಾಲಿಯಾಗಿಯೇ ಹೋಯಿತು. ಮಧ್ಯಾಹ್ನ ಬಡಗಿ ಬಂದ. ಆ ದಿನ ಅವನು ಎತ್ತರಿಸಿದ್ದು ಮೂರು ಮೇಜುಗಳನ್ನು ಮಾತ್ರ. ಉಳಿದ ಮೂರಕ್ಕೆ ಇನ್ನೂ ಹೋರಾಟ ನಡೆದಿದೆ. ಅಲ್ಲಿಯವರೆಗೆ ಹೆಂಗಸರು ಗಂಟೆಗೊಮ್ಮೆ ಮೇಜು ಬದಲಿಸಿಕೊಳ್ಳುತ್ತಾರೆ. ಗುಬ್ಬಿ ಕೈಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಮರಳಿದ್ದಾಳೆ. ಗಾಯ ಒಣಗುವವರೆಗೆ ಮಡಿಸುವ ಕೆಲಸವಷ್ಟೇ ಮಾಡುತ್ತೇನೆ ಎಂದು ಅವಳೇ ಹೇಳಿದಳು. ಮೇಲ್ವಿಚಾರಕ ಒಪ್ಪಬೇಕಾಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಮರಗಟ್ಟಿಸುವ ಮುಲಾಮೋ, ಜೆಲ್ಲೋ, ಸ್ಪ್ರೇಯೋ ಇದ್ದರೆ ಇವತ್ತೇ ತೆಗೆದು ನೋಡಿ. ಯಾರಿಗೆ, ಯಾವ ಜಾಗಕ್ಕೆ, ಎಷ್ಟು, ಎಷ್ಟು ಹೊತ್ತು ಎಂದು ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳದೆ ಹಚ್ಚಬೇಡಿ. ಅವರು ಹೇಳಿದ್ದಕ್ಕಿಂತ ಒಂದು ಚೂರೂ ಹೆಚ್ಚು ಬೇಡ. ಗಾಯದ ಮೇಲೆ, ಸುಲಿದ ಚರ್ಮದ ಮೇಲೆ ಬೇಡ. ನೀವಾಗಿಯೇ ಪ್ಲಾಸ್ಟಿಕ್ ಸುತ್ತಬೇಡಿ, ಹಚ್ಚಿದ ಜಾಗಕ್ಕೆ ಬಿಸಿ ತಾಗಿಸಬೇಡಿ. ಹಲ್ಲು ಬರುವ ಕೂಸಿನ ವಸಡಿಗಂತೂ ಬೇಡವೇ ಬೇಡ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಹಚ್ಚಿಕೊಳ್ಳಬೇಡಿ. ಟ್ಯೂಬು ಮಕ್ಕಳ ಕೈಗೆ ಸಿಗದಿರಲಿ. ಹಚ್ಚಿದ ಮೇಲೆ ತುಟಿ ಜುಮ್ಮೆಂದರೆ, ಬಾಯಿಗೆ ಕಬ್ಬಿಣದ ರುಚಿ ಬಂದರೆ, ಕಿವಿ ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ, ಮಾತು ತೊದಲಿದರೆ, ತುಟಿ ನೀಲಿಗಟ್ಟಿದರೆ ಕಾಯಬೇಡಿ. ಒರೆಸಿ ತೊಳೆಯಿರಿ, ಆಸ್ಪತ್ರೆಗೆ ಹೋಗಿ, ಟ್ಯೂಬನ್ನು ಜೊತೆಗೆ ಒಯ್ಯಿರಿ. ನಿಜ ಹೇಳಿ, ನಾಚಬೇಡಿ.

ವಾರಗಟ್ಟಲೆ ಬಿಡದ ನೋವಿಗೆ ಕಾರಣ ಹುಡುಕಿಸಿ. ಕೆಲಸದ ಜಾಗವೇ ಕಾರಣವಾದರೆ ಅದನ್ನು ಬದಲಿಸಿ ಎಂದು ಒಟ್ಟಾಗಿ ಕೇಳಿ. ಹಚ್ಚಿಕೊಂಡು ದುಡಿ ಎಂದು ಯಾರಾದರೂ ಟ್ಯೂಬು ನೀಡಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಿ, ಎದುರು ನಿಂತು ಹೇಳಿ: ಒಲ್ಲೆ.